ಅಕ್ಕ ಗೇರ್‌ಬಾಕ್ಸ್ ಬದಲಿಸಿದ್ದು

ಅಕ್ಕ ಮೂರು ಬೀದಿ ಹಿಂದುಹಿಂದಕ್ಕೇ ಕಾರು ಓಡಿಸಿಕೊಂಡು ಮನೆಗೆ ಬಂದ ದಿನ ನಾನು ಅವಳ ಗೇಟಿನ ಮುಂದೆಯೇ ನಿಂತಿದ್ದೆ. ಮೊದಲು ಕಂಡದ್ದು ಕಾರಿನ ಹಿಂಬದಿಯ ಗಾಜು, ಆಮೇಲೆ ಕತ್ತು ಹೊರಳಿಸಿ ಹಿಂದೆ ನೋಡುತ್ತಿದ್ದ ಅವಳ ಮುಖ. ಅಂಗಡಿಯವರೆಲ್ಲ ಕೆಲಸ ಬಿಟ್ಟು ಹೊರಗೆ ಬಂದು ನಿಂತಿದ್ದರು. ಒಬ್ಬ ಸೈಕಲ್ಲಿನಿಂದ ಇಳಿದು ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟ. ನಾನು ಗೇಟನ್ನು ಪೂರ್ತಿ ತೆರೆದು ಬದಿಗೆ ಸರಿದೆ. ಅಕ್ಕ ಗೇಟಿಗೆ ಒಂದು ಗೀರೂ ಆಗದ ಹಾಗೆ ಕಾರನ್ನು ಒಳಕ್ಕೆ ತಂದು, ಎಂಜಿನ್ ಆರಿಸಿ, ಕಿಟಕಿಯಿಂದ ತಲೆ ಹೊರಹಾಕಿದಳು.

“ಮುಂದಕ್ಕೆ ಹೋಗೋದು ನಿಂತೋಯ್ತು ಪುಟ್ಟ. ಹಿಂದಕ್ಕೆ ಮಾತ್ರ ಬರ್ತಿದೆ. ಅದಕ್ಕೇ ಹಿಂದಕ್ಕೇ ಬಂದೆ.”

“ಫೋನ್ ಮಾಡಿದ್ರೆ ನಾನು ಬರ್ತಿರ್ಲಿಲ್ವಾ?” ಎಂದು ನಾನು ರೇಗಿದೆ.

“ಬಂದು ಏನ್ಮಾಡ್ತಿದ್ದೆ? ಪಕ್ಕದಲ್ಲಿ ನಿಂತು ಹೆದರ್ತಿದ್ದೆ.”

ನನಗೆ ಆಗ ಐವತ್ತೊಂದು ವರ್ಷ. ಶಾಲೆಯೊಂದರ ಕಚೇರಿಯಲ್ಲಿ ಗುಮಾಸ್ತ. ಅಕ್ಕನ ಬಾಯಲ್ಲಿ ಮಾತ್ರ ಇನ್ನೂ ಪುಟ್ಟ. ಅವಳು ಹೇಳಿದ್ದು ಸುಳ್ಳಲ್ಲ. ನಾನು ಹುಟ್ಟಾ ಪುಕ್ಕಲ, ಅದರಲ್ಲೂ ಅಕ್ಕನ ವಿಷಯದಲ್ಲಿ. ಮೂರನೆಯ ವಯಸ್ಸಿನಲ್ಲಿ ಬಂದ ಜ್ವರವೊಂದು ಅವಳ ಎಡಗಾಲನ್ನು ಬಡಕಲು ಮಾಡಿ ಬಿಟ್ಟು ಹೋಗಿತ್ತು. ನನಗೆ ಐದು ತುಂಬಿದಾಗ ಅಮ್ಮ ಒಂದು ಕೆಲಸ ಹಚ್ಚಿದ್ದಳು: ಅಕ್ಕ ಮೆಟ್ಟಿಲು ಹತ್ತುವಾಗ ಅವಳ ಬೆನ್ನಿಗೇ ನಡೆಯಬೇಕು, ಬಿದ್ದರೆ ಹಿಡಿಯಬೇಕು. ನನಗಿಂತ ಎರಡು ಪಟ್ಟು ತೂಕದ ಹುಡುಗಿಯನ್ನು ಐದು ವರ್ಷದವನು ಹಿಡಿಯುವುದೆಂದರೆ ಏನು, ಅವಳ ಕೆಳಗೆ ಅಪ್ಪಚ್ಚಿಯಾಗುವುದು ಅಷ್ಟೆ. ಅವಳು ಒಂದು ಸಲವೂ ಬೀಳಲಿಲ್ಲ. ನಾನು ಮಾತ್ರ ಪ್ರತಿ ಮೆಟ್ಟಿಲಿಗೂ ಉಗುಳು ನುಂಗುತ್ತ ಬೆಳೆದೆ.

ಅಕ್ಕ ಹೊಲಿಗೆ ಮಿಷನ್ ರಿಪೇರಿ ಮಾಡುತ್ತಾಳೆ. ಮೊದಲು ಒಂದು ಟೈಲರ್ ಅಂಗಡಿಯಲ್ಲಿ ಗುಂಡಿ ಹಚ್ಚುತ್ತಿದ್ದಳು. ಮಿಷನ್ ಕೆಟ್ಟಾಗಲೆಲ್ಲ ರಿಪೇರಿಯವನು ನಾಳೆ, ನಾಡಿದ್ದು ಎನ್ನುತ್ತಿದ್ದ. ಕಾದು ಕಾದು ಸಿಟ್ಟು ಬಂದು ಒಂದು ದಿನ ಇವಳೇ ಸ್ಕ್ರೂಡ್ರೈವರ್ ಹಿಡಿದಳಂತೆ. ಆ ಸಿಟ್ಟಿನಿಂದಲೇ ಮೂವತ್ತು ವರ್ಷದ ಬದುಕು ಕಟ್ಟಿಕೊಂಡಳು. ಊರಿನ ಆ ತುದಿಯಿಂದ ಈ ತುದಿಯವರೆಗೆ ಎಲ್ಲ ಟೈಲರುಗಳಿಗೂ ಅವಳು ‘ಮಿಷನ್ ಅಕ್ಕ’. ಮಿಷನ್ನಿನ ಮುಂದೆ ಕೂತರೆ ಮೊದಲು ಬೆರಳಿನಿಂದ ಚಕ್ರವನ್ನು ಒಂದು ಸುತ್ತು ನಿಧಾನವಾಗಿ ತಿರುಗಿಸುತ್ತಾಳೆ. ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಕೈಗೆ ತಿಳಿದ ಮೇಲೆಯೇ ಬಿಚ್ಚುವುದು. ಕೊನೆಯ ಸ್ಕ್ರೂ ಬಿಗಿಯುವ ಮೊದಲೂ ಹಾಗೆಯೇ ಒಂದು ಸುತ್ತು. “ಬಲ ಹಾಕ್ಬೇಕಾಯ್ತು ಅಂದ್ರೆ ಎಲ್ಲೋ ತಪ್ಪು ಮಾಡಿದ್ದೀವಿ ಅಂತ,” ಎನ್ನುವುದು ಅವಳ ಮಾಮೂಲಿ ಮಾತು.

ಮನೆಯಿಂದ ಮನೆಗೆ, ಅಂಗಡಿಯಿಂದ ಅಂಗಡಿಗೆ ತಿರುಗುವ ಕೆಲಸಕ್ಕೆ ಅವಳಿಗೆ ಆ ಹಳೆಯ ಆಟೋಮ್ಯಾಟಿಕ್ ಕಾರು ಬೇಕೇ ಬೇಕು. ಬೇರೆ ಕಾರಿನಲ್ಲಿ ಕ್ಲಚ್ ತುಳಿಯಲು ಎಡಗಾಲು ಬೇಕು. ಇದರಲ್ಲಿ ಕ್ಲಚ್ ಇಲ್ಲ, ಗೇರ್ ತಾನೇ ಬದಲಾಗುತ್ತದೆ, ಬಲಗಾಲೊಂದೇ ಸಾಕು. ಹಿಂದಿನ ಸೀಟು ಕಿತ್ತು ಹಲಗೆಯ ಗೂಡು ಮಾಡಿಸಿ ಅದರಲ್ಲಿ ಬೆಲ್ಟು, ಸೂಜಿ, ಎಣ್ಣೆ ಡಬ್ಬಿ, ಬಿಚ್ಚಿದ ಮಿಷನ್ನಿನ ತಲೆಗಳನ್ನೆಲ್ಲ ಜೋಡಿಸಿದ್ದಳು. ಕಾಲಿನ ಊನ ಆ ಕಾರಿನ ಬಾಗಿಲು ಮುಚ್ಚಿದ ಕೂಡಲೇ ಯಾರಿಗೂ ಕಾಣುತ್ತಿರಲಿಲ್ಲ. ಅವಳಿಗೂ ಕಾಣುತ್ತಿರಲಿಲ್ಲ ಎಂದು ನನ್ನ ಗುಮಾನಿ.

ಈಗ ಆ ಕಾರಿನ ಗೇರ್‌ಬಾಕ್ಸ್ ಹೋಗಿತ್ತು. ಎಣ್ಣೆ ಕರಿಯಾಗಿ ಸುಟ್ಟ ವಾಸನೆ ಬರುತ್ತಿತ್ತು. ಮೂರು ಗ್ಯಾರೇಜಿನವರು ಬಂದು ನೋಡಿ ಕೈಚೆಲ್ಲಿದರು. ಕೊನೆಯವನು ಸ್ವಲ್ಪ ನಯಸ್ಥ. “ಅಕ್ಕ, ಇಷ್ಟು ಹಳೇ ಆಟೋಮ್ಯಾಟಿಕ್ ಈಗ ಯಾರೂ ಮುಟ್ಟಲ್ಲ. ಬಿಚ್ಚಿ ಹಾಕಿದ್ರೆ ನನ್ನ ಜಾಗ ತಿಂಗಳುಗಟ್ಲೆ ಹೋಯ್ತು. ಗುಜರಿಗೆ ಹಾಕ್ಬಿಡಿ,” ಎಂದ. ದುಡ್ಡಿಲ್ಲದ ಮೇಲೆ ಇನ್ನೊಂದು ಕಾರು ಕೊಳ್ಳುವ ಮಾತು ಏಳಲೇ ಇಲ್ಲ.

ನನಗೆ ಆಗ ಏನನ್ನಿಸಿತು ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನನಗೆ ಸಮಾಧಾನವಾಯಿತು. ಹದಿನೈದು ವರ್ಷದಿಂದ ಅಕ್ಕ ಕಾರು ಹತ್ತಿದ ದಿನವೆಲ್ಲ ನನಗೆ ಜೀವ ಬಾಯಿಗೆ ಬರುತ್ತಿತ್ತು. ಕಚೇರಿಯಲ್ಲಿ ಕೂತಿದ್ದಾಗ ಆಂಬುಲೆನ್ಸ್ ಸದ್ದು ಕೇಳಿದರೆ ಎದ್ದು ಕಿಟಕಿಗೆ ಹೋಗುತ್ತಿದ್ದೆ. ಇನ್ನು ಅದೆಲ್ಲ ಮುಗಿಯಿತು ಎಂದುಕೊಂಡೆ. ಆ ವಾರವೇ ನಮ್ಮ ಮನೆಯ ಕೆಳಗಿನ ಕೋಣೆಗೆ ಬಣ್ಣ ಹೊಡೆಸಿದೆ, ಬಚ್ಚಲಿನ ಗೋಡೆಗೆ ಹಿಡಿದುಕೊಳ್ಳಲು ಕಬ್ಬಿಣದ ಸರಳು ಹಾಕಿಸಿದೆ. ಅಕ್ಕನನ್ನು ಕರೆದುಕೊಂಡು ಬಂದು ತೋರಿಸಿದೆ.

ಅವಳು ಬಾಗಿಲಲ್ಲೇ ನಿಂತು ಕೋಣೆಯನ್ನು ನೋಡಿದಳು. ಮಂಚ, ಕಿಟಕಿ, ಕಿಟಕಿಯ ಪಕ್ಕ ಕುರ್ಚಿ.

“ಈ ಕುರ್ಚಿ ಯಾಕೆ?”

“ಕೂತ್ಕೊಳ್ಳೋಕೆ. ರಸ್ತೆ ಕಾಣುತ್ತೆ.”

“ಓಹೋ,” ಎಂದಳು. ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿ, “ಬಣ್ಣ ಚೆನ್ನಾಗಿದೆ ಕಣಮ್ಮ,” ಎಂದಳು. ಆಟೋದಲ್ಲಿ ಅವಳನ್ನು ಮನೆಗೆ ಬಿಟ್ಟೆ. ಇಳಿಯುವಾಗ ಹೇಳಿದಳು: “ನಾನು ಆ ಕುರ್ಚಿ ಮೇಲೆ ಕೂತ್ರೆ ಮತ್ತೆ ಏಳಲ್ಲ ಪುಟ್ಟ. ನನಗೆ ನನ್ನ ವಿಷಯ ಗೊತ್ತು.”

ಮಾರನೆಯ ದಿನ ಅವಳು ಗುಜರಿ ಅಂಗಡಿಗೆ ಹೋದಳು. ಅದೇ ಜಾತಿಯ ಕಾರೊಂದು ಅಲ್ಲಿ ಹಿಂದಿನಿಂದ ಗುದ್ದಿಸಿಕೊಂಡು ಬಿದ್ದಿತ್ತು, ಮುಂಭಾಗ ನೆಟ್ಟಗಿತ್ತು. ಗುಜರಿಯವನು ಅದರ ಗೇರ್‌ಬಾಕ್ಸ್ ಇಳಿಸಿ ತಂದು ಅಕ್ಕನ ಅಂಗಳದಲ್ಲಿ ಹಾಕಿ ಹೋದ. ಅರವತ್ತು ಕಿಲೋಗೆ ಕಮ್ಮಿಯಿಲ್ಲದ ಅಲ್ಯೂಮಿನಿಯಂ ಗಂಟು. ಅದರ ಮುಂದಿನ ಬಾಯಿಯೊಳಗೆ ದೊಡ್ಡ ಹೂಕೋಸಿನ ಗಾತ್ರದ ಉಕ್ಕಿನ ಉರುಟು ಒಂದು ಸಡಿಲವಾಗಿ ಕೂತಿತ್ತು. ಅದರ ಹೆಸರು ಕನ್ವರ್ಟರ್. ಎಂಜಿನ್ನಿನ ತಿರುಗಾಟವನ್ನು ಗೇರ್‌ಬಾಕ್ಸಿಗೆ ದಾಟಿಸುವುದು ಅದೇ.

“ಅಕ್ಕ, ಬೇರೆ ಏನು ಮರೆತ್ರೂ ಇದೊಂದು ಮರೀಬೇಡಿ,” ಎಂದ ಗುಜರಿಯವನು. “ಈ ಕನ್ವರ್ಟರು ಒಳಗೆ ಮೂರು ಸಲ ಟಕ್ ಟಕ್ ಅಂತ ಕೂರ್ಬೇಕು. ಮೂರನೇ ಟಕ್ ಆದ್ರೆ ಒಳಗಿನ ಪಂಪಿಗೆ ಕಚ್ಕೊಂಡಿದೆ ಅಂತ. ಬಾಯಿಯ ಅಂಚಿನಿಂದ ಅಳೆದ್ರೆ ಇಪ್ಪತ್ತೈದು ಮಿಲಿಮೀಟರ್ ಆಳದಲ್ಲಿರ್ಬೇಕು. ಕಮ್ಮಿ ಬಂತು ಅಂದ್ರೆ ಕೂತಿಲ್ಲ. ಕೂರದೇ ಇರೋವಾಗ ಬೋಲ್ಟ್ ಹಾಕಿ ಎಳೆದ್ರೋ, ಪಂಪ್ ಪುಡಿ. ಆಮೇಲೆ ಇದೂ ಗುಜರಿ. ನನ್ನ ಹತ್ರ ಇನ್ನೊಂದಿಲ್ಲ.” ಹೋಗುವ ಮೊದಲು ಗೇರ್‌ಬಾಕ್ಸಿನ ಮೈಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ೨೫ ಎಂದು ಬರೆದ.

“ಯಾರು ಹಾಕ್ತಾರೆ ಇದನ್ನ?” ಎಂದು ನಾನು ಕೇಳಿದೆ. ಉತ್ತರ ಗೊತ್ತಿದ್ದೂ ಕೇಳಿದೆ.

“ನಾನು. ನೀನು ಶನಿವಾರ, ಭಾನುವಾರ ಬಾ. ಹಿಡ್ಕೊಳ್ಳೋಕೆ ಒಂದು ಕೈ ಬೇಕು.”

ಕೂಗಾಡಿದೆ. ಆ ಕಾರಿನ ಕೆಳಗೆ ಮಲಗುವವಳು ನೀನು, ಅದು ಜಾರಿದರೆ ಉರುಳಿ ಹೊರಗೆ ಬರಲು ನಿನ್ನ ಕಾಲು ಬಿಡುತ್ತದೆಯೇ ಎಂದೆ. ಅಕ್ಕ ಒಂದು ನೋಟ್‌ಬುಕ್ಕಿನಲ್ಲಿ ಏನೋ ಬರೆಯುತ್ತಲೇ ಇದ್ದಳು. ನನ್ನದು ಮುಗಿದ ಮೇಲೆ ತಲೆಯೆತ್ತಿ, “ಶನಿವಾರ ಎಂಟು ಗಂಟೆ,” ಎಂದಳು.

ಶನಿವಾರ ನಾನು ಹೋಗುವಷ್ಟರಲ್ಲಿ ಕಾರು ನೆಲ ಬಿಟ್ಟು ಮೇಲೆದ್ದಿತ್ತು. ನಾಲ್ಕು ಮೂಲೆಗೆ ನಾಲ್ಕು ಕಬ್ಬಿಣದ ಸ್ಟ್ಯಾಂಡು. ಒಂದು ಕೈಕೊಟ್ಟರೆ ಇರಲಿ ಎಂದು ಬಿಚ್ಚಿದ ಚಕ್ರಗಳನ್ನು ಎರಡೆರಡಾಗಿ ಪೇರಿಸಿ ಕಾರಿನ ಎರಡೂ ಬದಿಯ ಕೆಳಗೆ ಇಟ್ಟಿದ್ದಳು. ಬಾನೆಟ್ಟಿನ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ ಸ್ಪ್ಯಾನರುಗಳನ್ನು ಸಾಲಾಗಿ ಜೋಡಿಸಿದ್ದಳು. ಬಿಚ್ಚಿದ ಬೋಲ್ಟುಗಳಿಗೆ ಗುಂಡಿ ಹಾಕಿಡುವ ಡಬ್ಬಿಗಳು, ಒಂದೊಂದರ ಮೇಲೂ ಚೀಟಿ. ಅವಳ ಮುಖ ಬಿಳಿಚಿಕೊಂಡಿತ್ತು.

“ಅಕ್ಕ, ನಿಂಗೂ ಭಯ ಆಗ್ತಿದೆ ಅಲ್ವಾ?” ಎಂದೆ ಆಸೆಯಿಂದ.

“ಆಗ್ದೆ ಏನು,” ಎಂದು ಹೇಳಿ, ಎಡಗಾಲಿಗೆ ಆಸರೆಗೆಂದು ಕಟ್ಟುವ ಕಬ್ಬಿಣದ ಕ್ಯಾಲಿಪರ್ ಬಿಚ್ಚಿ ಗೋಡೆಗೆ ಒರಗಿಸಿ, ಗೋಣಿತಾಟಿನ ಮೇಲೆ ಮಲಗಿ ಕಾರಿನ ಕೆಳಕ್ಕೆ ಜರುಗಿದಳು.

ಅವತ್ತು ಸಂಜೆಯವರೆಗೆ ನಾನು ಕಂಡದ್ದು ಅವಳ ಎರಡು ಪಾದಗಳನ್ನು ಮಾತ್ರ. ಒಂದು ದಪ್ಪಗೆ, ನೆಲಕ್ಕೆ ಒತ್ತಿ ನಿಂತದ್ದು. ಇನ್ನೊಂದು ಮಗುವಿನದರಂತೆ ಸಣ್ಣಗೆ, ಇಟ್ಟ ಕಡೆಯೇ ಬಿದ್ದಿದ್ದದ್ದು. ಕೆಳಗಿನಿಂದ ಕೈ ಬರುತ್ತಿತ್ತು, “ಹದಿನಾಲ್ಕು,” ಎನ್ನುತ್ತಿದ್ದಳು, ನಾನು ಹದಿನಾಲ್ಕರ ಸ್ಪ್ಯಾನರ್ ಕೊಡುತ್ತಿದ್ದೆ. ಹಿಂದಿನ ಚಕ್ರಗಳಿಗೆ ಹೋಗುವ ಉದ್ದನೆಯ ಶಾಫ್ಟ್ ಬಂತು, ಎಣ್ಣೆಯ ಕೊಳವೆಗಳು ಬಂದವು, ವೈರುಗಳು ಬಂದವು. ಕೊನೆಗೆ ಹಳೆಯ ಗೇರ್‌ಬಾಕ್ಸಿಗೆ ಜಾಕ್ ಕೊಟ್ಟು ಅದನ್ನು ಎಂಜಿನ್ನಿನಿಂದ ಬಿಡಿಸಿದಾಗ ಇಡೀ ಕಾರು ಒಂದು ಸಲ ನಿಟ್ಟುಸಿರು ಬಿಟ್ಟ ಹಾಗೆ ಮೇಲೆದ್ದು ಕಿರ್ರೆಂದಿತು. ನಾನು ಬಂಪರನ್ನು ಎರಡು ಕೈಯಲ್ಲಿ ಹಿಡಿದುಕೊಂಡೆ. ಟನ್ನು ತೂಕದ ಕಾರು ಬಿದ್ದರೆ ಈ ಗುಮಾಸ್ತನ ಕೈ ಅದನ್ನು ತಡೆಯುತ್ತದೆ ಎಂಬಂತೆ ಹಿಡಿದುಕೊಂಡೇ ಇದ್ದೆ.

“ತೂಕ ಇಳೀತಲ್ಲ, ಅದಕ್ಕೇ ಸದ್ದು,” ಎಂದಿತು ಕೆಳಗಿನ ದನಿ.

ಆ ರಾತ್ರಿ ನನಗೆ ನಿದ್ದೆ ಬಂತು ಎಂದರೆ ನಂಬಬೇಡಿ. ಭಾನುವಾರ ಬೆಳಿಗ್ಗೆ ಹೋದಾಗ ಅಕ್ಕ ಹೊಸ ಗೇರ್‌ಬಾಕ್ಸಿನ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದಳು. ಕನ್ವರ್ಟರನ್ನು ಅಂಗೈಯಿಂದ ಒತ್ತುತ್ತ ತಿರುಗಿಸಿದಳು. ಟಕ್. ಮತ್ತೆ ತಿರುಗಿಸಿದಳು. ಟಕ್. ಮೂರನೆಯದಕ್ಕೆ ಹತ್ತು ನಿಮಿಷ ಹಿಡಿಯಿತು. ಕಣ್ಣು ಮುಚ್ಚಿಕೊಂಡು, ಉಸಿರು ಬಿಗಿಹಿಡಿದು, ಕೂದಲೆಳೆಯಷ್ಟೇ ತಿರುಗಿಸುತ್ತ ಹೋದಳು. ಟಕ್. ಉಕ್ಕಿನ ಸ್ಕೇಲಿನಿಂದ ಅಳೆದಳು, ನನಗೂ ತೋರಿಸಿದಳು. ಇಪ್ಪತ್ತೈದು.

“ಈಗ ಇದನ್ನ ಕೆಳಕ್ಕೆ ಸರಿಸ್ಬೇಕು. ನಾನು ಬಾಲದ ಕಡೆಯಿಂದ ತಳ್ತೀನಿ. ನೀನು ಮುಂದಿನಿಂದ ಮಲಗಿ ಎಳ್ಕೋ. ಒಂದು ಕೈ ಮಾತ್ರ ಈ ಕನ್ವರ್ಟರ್ ಮೇಲಿಂದ ತೆಗೀಬೇಡ. ಒತ್ತಿ ಹಿಡ್ಕೊಂಡೇ ಇರು. ಮುಂದಕ್ಕೆ ಜಾರಿದ್ರೆ ಕಚ್ಚಿದ್ದು ಬಿಟ್ಟೋಗುತ್ತೆ.”

ಅಂದರೆ ನಾನೂ ಕಾರಿನ ಕೆಳಗೆ ಹೋಗಬೇಕಿತ್ತು. ಹೋದೆ. ಅಲ್ಲಿ ಮಲಗಿ ನೋಡಿದರೆ ಕಾರು ಎಷ್ಟು ದೊಡ್ಡದು ಎಂದು ಗೊತ್ತಾಗುತ್ತದೆ. ಮೂಗಿನಿಂದ ಒಂದು ಮೊಳ ಮೇಲೆ ಕರಿಯ ಕಬ್ಬಿಣ. ಎಣ್ಣೆ ಮತ್ತು ತುಕ್ಕಿನ ವಾಸನೆ. ಅಕ್ಕ ಹಳೆಯ ಮಿಷನ್ ಸ್ಟ್ಯಾಂಡಿನ ಗಾಲಿಗಳನ್ನು ಹಲಗೆಗೆ ಬಡಿದು ಮಾಡಿದ್ದ ತಳ್ಳುಗಾಡಿಯ ಮೇಲೆ ಗೇರ್‌ಬಾಕ್ಸನ್ನು ಇಬ್ಬರೂ ಮೊದಲೇ ಎತ್ತಿ ಕೂರಿಸಿದ್ದೆವು, ಈಗ ಅವಳೂ ಹಿಂದಿನಿಂದ ಕೆಳಕ್ಕೆ ಬಂದಳು. ಅವಳು ತಳ್ಳಿದಳು, ನಾನು ಎಳೆದೆ. ಕೈ ಕನ್ವರ್ಟರ್ ಮೇಲಿತ್ತು. ಅರ್ಧ ದಾರಿ ಬಂದಾಗ ಗಾಲಿಯೊಂದು ನೆಲದ ಸಿಮೆಂಟಿನ ಬಿರುಕಿಗೆ ಸಿಕ್ಕಿ ಹಲಗೆ ವಾಲಿತು, ಗೇರ್‌ಬಾಕ್ಸಿನ ಬಾಲ ಹೋಗಿ ಕಾರಿನ ಚಾಸಿಗೆ ಗಣ್ಣೆಂದು ಬಡಿಯಿತು. ಕಾರು ಅಲುಗಿತು. ನನ್ನ ಬದಿಯ ಸ್ಟ್ಯಾಂಡು ಕಿರ್ರೆಂದಿತು.

ಆಮೇಲೆ ಏನಾಯಿತು ಎಂದರೆ, ನಾನು ಹೊರಗಿದ್ದೆ. ಹೇಗೆ ಬಂದೆನೋ ಗೊತ್ತಿಲ್ಲ. ಮೊಣಕೈ ತರಚಿತ್ತು, ಅಂಗಿ ಹರಿದಿತ್ತು, ಗೇಟಿನ ಹತ್ತಿರ ನಿಂತಿದ್ದೆ. ಕಾರು ಬೀಳಲಿಲ್ಲ. ಅಕ್ಕ ಅದರ ಕೆಳಗೇ ಇದ್ದಳು. ನಲವತ್ತಾರು ವರ್ಷ ಅವಳಿಗಾಗಿ ಹೆದರಿದ ನಾನು, ನಿಜವಾಗಿ ಹೆದರಬೇಕಾದ ಗಳಿಗೆ ಬಂದಾಗ ಅವಳನ್ನು ಬಿಟ್ಟು ಓಡಿದ್ದೆ.

“ಪುಟ್ಟ? ಎಲ್ಲಿಗೆ ಹೋದೆ?”

“ಟಾರ್ಚ್ ತರೋಕೆ,” ಎಂದೆ. ಬಿಸಿಲು ರಣಗುಡುತ್ತಿತ್ತು.

“ಸರಿ, ಬಾ. ಏನೂ ಆಗಿಲ್ಲ,” ಎಂದಳು.

ಮತ್ತೆ ಜರುಗಿ ಒಳಗೆ ಹೋದೆ. ಕನ್ವರ್ಟರ್ ಮುಂದಕ್ಕೆ ಜಾರಿದ್ದು ನೋಡಿದರೇ ತಿಳಿಯುತ್ತಿತ್ತು. ಅಕ್ಕ ಬಾಲದ ಕಡೆ ಇದ್ದಳು, ಅವಳಿಗೆ ಕಾಣುವಂತಿರಲಿಲ್ಲ.

“ಒಂದ್ಸಲ ಅಳೆದ್ಬಿಡು ಪುಟ್ಟ. ಸ್ಕೇಲ್ ನಿನ್ನ ಪಕ್ಕಾನೇ ಇದೆ.”

ಅಳೆದೆ. ಹದಿಮೂರು. ಮತ್ತೆ ಅಳೆದೆ. ಹದಿಮೂರೇ.

ಹೇಳಬೇಕಾದದ್ದು ಒಂದೇ ಮಾತು. ಜಾರಿದೆ ಅಕ್ಕ, ಹೊರಗೆ ತೆಗೆಯೋಣ. ಬಾಯಿ ತೆರೆದೆ. ತೆರೆದ ಬಾಯಿಯಲ್ಲಿ ಬೇರೆ ಯೋಚನೆ ಬಂದು ಕೂತಿತು. ಇದು ಹೀಗೇ ಇರಲಿ. ಬೋಲ್ಟು ಬಿಗಿಯಲಿ, ಪಂಪ್ ಒಡೆಯಲಿ. ಇನ್ನೊಂದು ಗೇರ್‌ಬಾಕ್ಸ್ ಇಲ್ಲ. ಅಕ್ಕ ಇನ್ನು ಕಾರಿನ ಕೆಳಗೆ ಮಲಗುವುದಿಲ್ಲ, ಕಾರಿನ ಒಳಗೂ ಕೂರುವುದಿಲ್ಲ. ಬಣ್ಣ ಹೊಡೆಸಿದ ಕೋಣೆಯಲ್ಲಿ ಕ್ಷೇಮವಾಗಿರುತ್ತಾಳೆ. ಆಂಬುಲೆನ್ಸ್ ಎಷ್ಟು ಬೇಕಾದರೂ ಕೂಗಿಕೊಳ್ಳಲಿ. ಯಾರ ತಪ್ಪೂ ಅಲ್ಲ, ಹಳೆಯ ಮಾಲು ಅಂದರಾಯಿತು.

“ಎಷ್ಟು?”

“ಇಪ್ಪತ್ತೈದು,” ಎಂದೆ.

ಅಕ್ಕ ಹಲಗೆಯ ಅಡಿಗೆ ಜಾಕ್ ತೂರಿಸಿ ಒತ್ತಲು ಶುರು ಮಾಡಿದಳು. ಗೇರ್‌ಬಾಕ್ಸ್ ಒಂದೊಂದೇ ಬೆರಳು ಮೇಲೇರಿತು. ನಾನು ಮುಂದಿನ ತುದಿಯನ್ನು ಎಂಜಿನ್ನಿನ ಬಾಯಿಗೆ ನೇರ ಮಾಡಿದೆ. ಅದು ಹೋಗಿ ಕೂತಿತು, ಆದರೆ ಪೂರ್ತಿ ಕೂರಲಿಲ್ಲ. ಎರಡರ ನಡುವೆ ಒಂದು ಬೆರಳಿನ ಸಂದು ಉಳಿಯಿತು. ಅಕ್ಕ ಜರುಗುತ್ತ ನನ್ನ ಪಕ್ಕಕ್ಕೆ ಬಂದು ಆ ಸಂದಿಗೆ ಬೆರಳು ಹಾಕಿ ನೋಡಿದಳು. ಅಲುಗಿಸಿದಳು. ತಳ್ಳಿದಳು. ಹಣೆಯ ಬೆವರು ಕಿವಿಗೆ ಇಳಿಯುತ್ತಿತ್ತು.

“ಯಾಕಿದು ಕೂರ್ತಿಲ್ಲ?” ಎಂದಳು ತನಗೆ ತಾನೇ. “ಬಲ ಇಲ್ದೇ ಕೂರ್ಬೇಕಿತ್ತು.”

ನಾನು ಮೇಲಿನ ಕಬ್ಬಿಣವನ್ನೇ ನೋಡುತ್ತಿದ್ದೆ. ಈಗ ಅವಳಿಗೆ ಗೊತ್ತಾಗುತ್ತದೆ ಎಂದುಕೊಂಡೆ. ಮೂವತ್ತು ವರ್ಷ ಬೆರಳಿನಲ್ಲಿ ಕೇಳಿಸಿಕೊಂಡವಳು, ಗೊತ್ತಾಗದೆ ಇರುತ್ತದೆಯೇ. ಗೊತ್ತಾದರೆ ನಾನು ಬಾಯಿ ಬಿಡುವುದೇ ಬೇಡ.

ಅಕ್ಕ ತುಂಬ ಹೊತ್ತು ಯೋಚಿಸಿದಳು. ಆಮೇಲೆ, “ಕನ್ವರ್ಟರ್ ಅಲ್ಲ. ನೀನು ಅಳೆದ್ಯಲ್ಲ, ಇಪ್ಪತ್ತೈದಿದೆ,” ಎಂದಳು. “ಇದನ್ನ ನೇರ ಕೂರಿಸೋಕೆ ಎಂಜಿನ್ ಮೇಲೆ ಒಂದು ಪಿನ್ನಿದೆ, ಅದಕ್ಕೆ ತುಕ್ಕು ಹಿಡಿದಿರ್ಬೇಕು. ಅದೇ ತಡೀತಿದೆ. ಬೋಲ್ಟಲ್ಲಿ ಸ್ವಲ್ಪ ಎಳೆದ್ರೆ ಕೂತ್ಕೊಳುತ್ತೆ.”

ಅಂದವಳು ಒಂದು ಬೋಲ್ಟನ್ನು ಕೈಯಿಂದ ಸೇರಿಸಿ, ಸ್ಪ್ಯಾನರ್ ಇಟ್ಟು, ಎರಡೂ ಕೈಯಲ್ಲಿ ಹಿಡಿದಳು.

ಕಾರು ಕಿರ್ರೆಂದಾಗಲೂ ನನಗೆ ಅಷ್ಟು ಭಯ ಆಗಿರಲಿಲ್ಲ. ತನ್ನ ಕೈ ಬೇಡ ಎನ್ನುತ್ತಿದ್ದರೂ, ಯಾವತ್ತೂ ಮಿಷನ್ನಿಗೆ ಬಲ ಹಾಕದವಳು ಬಲ ಹಾಕಲು ಹೊರಟಿದ್ದಳು. ನಾನು ಹೇಳಿದ ಒಂದು ಸಂಖ್ಯೆಯ ಮೇಲೆ. ಟಾರ್ಚ್ ತರಲು ಓಡಿದವನ ಸಂಖ್ಯೆಯ ಮೇಲೆ. ಸ್ಪ್ಯಾನರ್ ಅರ್ಧ ಸುತ್ತು ತಿರುಗಿತು. ಬೋಲ್ಟು ಬಿಗಿಯಾಗಿ ಸಣ್ಣಗೆ ಕೀರಲಿಟ್ಟಿತು. ಅವಳ ಕತ್ತಿನ ನರ ಉಬ್ಬಿತು.

“ನಿಲ್ಸು,” ಎಂದೆ. ಅವಳ ಮಣಿಕಟ್ಟು ಹಿಡಿದುಕೊಂಡೆ. “ನಿಲ್ಸು ಅಕ್ಕ. ಹದಿಮೂರು.”

“ಏನು ಹದಿಮೂರು?”

“ಅಳತೆ. ಹದಿಮೂರಿತ್ತು. ನಾನು ಓಡಿಹೋದಾಗ ಜಾರ್ತು. ಎರಡು ಸಲ ಅಳೆದೆ. ಗೊತ್ತಿದ್ದೂ ಸುಳ್ಳು ಹೇಳ್ದೆ.”

ಅಕ್ಕ ಸ್ಪ್ಯಾನರನ್ನು ಎದೆಯ ಮೇಲೆ ಇಟ್ಟುಕೊಂಡಳು. ಇಬ್ಬರೂ ಅಕ್ಕಪಕ್ಕ ಅಂಗಾತ ಮಲಗಿದ್ದೆವು, ಚಿಕ್ಕಂದಿನಲ್ಲಿ ಒಂದೇ ಚಾಪೆಯಲ್ಲಿ ಮಲಗುತ್ತಿದ್ದ ಹಾಗೆ. ಬೈಯಲಿ ಎಂದು ಕಾದೆ. ಬೈಯಲಿಲ್ಲ.

“ಒಡೆದೋಗ್ಲಿ ಅಂತಾನಾ?” ಎಂದಳು.

“ಹೂಂ.”

“ಯಾಕೋ?”

“ಭಯ ಅಕ್ಕ. ನೀನು ಹೋದಾಗೆಲ್ಲ ಭಯ. ಬಂದ ಮೇಲೂ ನಾಳೆ ಹೋಗ್ತಾಳಲ್ಲ ಅಂತ ಭಯ.” ನನ್ನ ಕಣ್ಣಲ್ಲಿ ನೀರು ಬಂದಿತ್ತು. ಐವತ್ತೊಂದು ವರ್ಷದ ಗಂಡಸು ಕಾರಿನ ಕೆಳಗೆ ಮಲಗಿಕೊಂಡು ಅತ್ತೆ.

ಅವಳು ನನ್ನ ಕಡೆ ತಿರುಗಲಿಲ್ಲ. “ನಂಗೂ ಆಗುತ್ತೆ ಪುಟ್ಟ. ದಿನಾ ಬೆಳಿಗ್ಗೆ ಆ ಸೀಟಲ್ಲಿ ಕೂತು ಬೀಗದಕೈ ತಿರುಗಿಸೋವಾಗ ಇವತ್ತು ಬೇಡ ಅನ್ಸುತ್ತೆ. ಲಾರಿ ಎದುರು ಬಂದ್ರೆ ಬೆವರ್ತೀನಿ. ಅದು ನನ್ನ ಭಯ, ಹೇಗೋ ಹೊತ್ಕೊಂಡು ಹೋಗ್ತೀನಿ. ನಿಂದೂ ಸೇರ್ಸಿ ಹೊರೋಕೆ ನನ್ನ ಕೈಲಾಗಲ್ಲ. ಅದನ್ನ ಮಾತ್ರ ನೀನೇ ಹೊತ್ಕೋ.”

ನಾನು ಅವಳ ಎದೆಯ ಮೇಲಿದ್ದ ಸ್ಪ್ಯಾನರ್ ತೆಗೆದುಕೊಂಡು ಬೋಲ್ಟಿಗೆ ಇಟ್ಟೆ.

ಬೋಲ್ಟ್ ಬಿಚ್ಚಿ ಜಾಕ್ ಇಳಿಸಿದೆವು. ಅರ್ಧ ಸುತ್ತು ಮಾತ್ರ ಬಿಗಿದಿದ್ದರಿಂದ ಏನೂ ಒಡೆದಿರಲಿಲ್ಲ. ಅಕ್ಕ ಕನ್ವರ್ಟರಿಗೆ ಕೈ ಹಾಕಲಿಲ್ಲ. “ನೀನೇ ಕೂರ್ಸು,” ಎಂದಳು.

“ನಂಗೆ ಬರಲ್ಲ.”

“ಒತ್ಕೊಂಡು ತಿರುಗ್ಸು. ಬಲ ಬೇಡ. ಅದೇ ಹೇಳುತ್ತೆ.”

ತಿರುಗಿಸಿದೆ. ಗುಮಾಸ್ತನ ಕೈಗೆ ಏನು ತಿಳಿಯುತ್ತದೆ, ಉಕ್ಕು ತಣ್ಣಗಿದೆ ಎಂಬುದು ಬಿಟ್ಟು. ಮೊದಲ ಎರಡು ಹಿಡಿತ ಬಿಟ್ಟಿರಲಿಲ್ಲ, ಮೂರನೆಯದು ಮಾತ್ರ ಬಾಕಿ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಅಕ್ಕ ಪಕ್ಕದಲ್ಲಿ ಮಲಗಿಯೇ ಇದ್ದಳು, ಒಂದು ಸಲವೂ ಇಲ್ಲಿ ಕೊಡು ಎನ್ನಲಿಲ್ಲ. ಕೊನೆಗೆ ಒಂದು ಕಡೆ ಅದು ತಾನಾಗಿ ನನ್ನ ಕೈಯಿಂದ ಒಳಕ್ಕೆ ಹೋಯಿತು. ಟಕ್.

ಅಳೆದೆ. ಕಣ್ಣೊರೆಸಿಕೊಂಡು ಮತ್ತೆ ಅಳೆದೆ. ಮೂರನೆಯ ಸಲವೂ ಅಳೆದೆ.

“ಎಷ್ಟು?” ಎಂದಳು.

“ಇಪ್ಪತ್ತೈದು. ನೀನು ನೋಡು ಅಕ್ಕ. ನೀನೇ ಒಂದ್ಸಲ ನೋಡು.”

“ನೀನು ನೋಡಿದ್ಯಲ್ಲ,” ಎಂದು ಜಾಕಿನ ಹಿಡಿಗೆ ಕೈ ಹಾಕಿದಳು.

ಆಗ ಹುಟ್ಟಿದ ಭಯ ಮೊದಲಿನ ಯಾವುದರ ಹಾಗೂ ಇರಲಿಲ್ಲ. ಅರ್ಧ ಗಂಟೆ ಹಿಂದೆ ಇದೇ ಸಂಖ್ಯೆ ಹೇಳಿ ಮೋಸ ಮಾಡಿದವನ ಮಾತನ್ನು ಅವಳು ಮತ್ತೆ ಹಾಗೆಯೇ ತೆಗೆದುಕೊಂಡಿದ್ದಳು. ಗೇರ್‌ಬಾಕ್ಸ್ ಮೇಲೇರುತ್ತಿದ್ದಷ್ಟು ಹೊತ್ತೂ ನನ್ನ ಅಂಗೈ ಕನ್ವರ್ಟರನ್ನು ಒತ್ತಿಕೊಂಡೇ ಇತ್ತು. ಕಾರು ಎರಡು ಸಲ ಕಿರ್ರೆಂದಿತು. ಕೈ ತೆಗೆಯಲಿಲ್ಲ. ಧೈರ್ಯ ಬಂದಿತ್ತು ಎಂದಲ್ಲ, ಉಚ್ಚೆ ಬರುವಷ್ಟು ಹೆದರಿದ್ದೆ. ಕೊನೆಯಲ್ಲಿ ಕೈ ಸರಿಸಿದಾಗ ಗೇರ್‌ಬಾಕ್ಸಿನ ಬಾಯಿ ಎಂಜಿನ್ನಿಗೆ ಹೋಗಿ ಸಂದಿಲ್ಲದೆ ಕೂತಿತು. ಯಾರೂ ಬಲ ಹಾಕಲಿಲ್ಲ. ಅಕ್ಕ ಕೆಳಗಿನ ಕಿಂಡಿಯಿಂದ ಎರಡು ಬೆರಳು ತೂರಿಸಿ ಕನ್ವರ್ಟರನ್ನು ಒಂದು ಸುತ್ತು ತಿರುಗಿಸಿದಳು. ಸಲೀಸಾಗಿ ತಿರುಗಿತು. ಬೋಲ್ಟುಗಳನ್ನು ಒಂದೊಂದಾಗಿ ಬಿಗಿದಳು.

ಮಿಕ್ಕ ಕೆಲಸಕ್ಕೆ ಮಧ್ಯಾಹ್ನ ಕಳೆಯಿತು. ಹೊಸ ಎಣ್ಣೆ ತುಂಬಿ, ಕಾರಿಳಿಸಿ, ಅಕ್ಕ ಕ್ಯಾಲಿಪರ್ ಕಟ್ಟಿಕೊಂಡು ಸೀಟಿನಲ್ಲಿ ಕೂತಳು. ಎಂಜಿನ್ ಹತ್ತಿತು. ಪಂಪ್ ಒಡೆದಿದ್ದರೆ ಕೀರಲು ಸದ್ದು ಬರುತ್ತದೆ ಎಂದು ಗುಜರಿಯವನು ಹೇಳಿದ್ದ. ಇಬ್ಬರೂ ಉಸಿರಾಡದೆ ಕೇಳಿಸಿಕೊಂಡೆವು. ಎಂಜಿನ್ನಿನ ಸದ್ದು ಬಿಟ್ಟರೆ ಬೇರೆ ಏನೂ ಇಲ್ಲ. ಲಿವರನ್ನು ಒಂದೊಂದೇ ಸ್ಥಾನಕ್ಕೆ ಎಳೆದು, ಬ್ರೇಕಿನ ಮೇಲಿಂದ ಕಾಲು ಸಡಿಲಿಸಿದಳು. ಕಾರು ಮುಂದಕ್ಕೆ ಹೋಯಿತು.

“ಒಂದು ಸುತ್ತು ಹಾಕ್ಕೊಂಡು ಬರ್ತೀನಿ,” ಎಂದು ಗೇಟು ದಾಟಿದಳು. ಆ ಸುತ್ತಿಗೆ ಐದು ನಿಮಿಷ ಸಾಕು. ಹತ್ತಾಯಿತು, ಇಪ್ಪತ್ತಾಯಿತು. ನಾನು ಮೂಲೆಯವರೆಗೆ ಓಡಲಿಲ್ಲ, ಫೋನ್ ಮಾಡಲಿಲ್ಲ. ಮೆಟ್ಟಿಲ ಮೇಲೆ ಕೂತು ಮೊಣಕಾಲು ತಬ್ಬಿಕೊಂಡು ಹೆದರಿದೆ, ಅಷ್ಟೆ. ನಲವತ್ತು ನಿಮಿಷಕ್ಕೆ ಬಂದಳು. ಮೂಲೆಯ ಟೈಲರನ ಮಿಷನ್ನಿನ ಬೆಲ್ಟು ಸಡಿಲವಾಗಿತ್ತಂತೆ, ಸರಿಮಾಡಿ ಬಂದಳಂತೆ.

ಅಷ್ಟರಲ್ಲಿ ನನ್ನ ಹೆಂಡತಿ ಊಟದ ಡಬ್ಬಿ ಹಿಡಿದು ಬಂದಿದ್ದಳು. ನನ್ನ ಹರಿದ ಅಂಗಿ, ಊದಿದ ಕಣ್ಣು ನೋಡಿದಳು. “ಮಧ್ಯಾಹ್ನಕ್ಕೇ ಮುಗಿಯುತ್ತೆ ಅಂದಿದ್ರಲ್ಲ ಅತ್ತಿಗೆ, ಯಾಕಿಷ್ಟು ಹೊತ್ತಾಯ್ತು?” ಎಂದು ಅಕ್ಕನನ್ನು ಕೇಳಿದಳು.

ನಾನು ತಲೆ ತಗ್ಗಿಸಿದೆ. ಅಕ್ಕ ನಲ್ಲಿಯ ಕೆಳಗೆ ಕೈ ಉಜ್ಜಿಕೊಳ್ಳುತ್ತ, “ಒಂದು ಪಿನ್ನಿಗೆ ತುಕ್ಕು ಹಿಡಿದಿತ್ತಮ್ಮ. ಇವನು ಬಿಡಿಸ್ಕೊಟ್ಟ,” ಎಂದಳು.

ಅದಾಗಿ ಎರಡು ವರ್ಷ. ಅಕ್ಕ ಈಗಲೂ ದಿನಾ ಹೋಗುತ್ತಾಳೆ, ನಾನು ಈಗಲೂ ದಿನಾ ಹೆದರುತ್ತೇನೆ. ನಮ್ಮ ಮನೆಯಲ್ಲಿ, ನೆಂಟರಲ್ಲಿ, ಅವಳ ಟೈಲರುಗಳಲ್ಲಿ ಎಲ್ಲರೂ ಆ ಪಿನ್ನಿನ ಕತೆಯನ್ನೇ ನಂಬಿದ್ದಾರೆ, ನನ್ನ ಬೆನ್ನು ತಟ್ಟುತ್ತಾರೆ. ಪಿನ್ನಿಗೆ ತುಕ್ಕು ಹಿಡಿದಿರಲಿಲ್ಲ. ಅದನ್ನು ಹೇಳಬೇಕಿತ್ತು, ಇವತ್ತು ಹೇಳಿದ್ದೇನೆ.